ನೆರೆಯವನ ಕಾಗದ

ಓಟ್ಸ್ ಇಲ್ಲಿ ಮನುಷ್ಯರು ತಿನ್ನುವ ಕಾಳಲ್ಲ, ದನಕ್ಕೂ ಕುದುರೆಗೂ ಹಾಕುತ್ತಾರೆ. ಮನೆಮಂದಿಯ ದಿನದೂಟಕ್ಕೆ ಗೋಧಿ. 1835ರ ಏಪ್ರಿಲ್ 22ರಂದು ಬರೆದ ಒಂದು ಕಾಗದದಲ್ಲಿ ಈ ಸುದ್ದಿ ಯಾವ ಉದ್ಗಾರವೂ ಇಲ್ಲದೆ, ಕಾಳುಕಡಿಯ ಬೆಲೆಗಳ ನಡುವೆ ಬಂದು ಹೋಗುತ್ತದೆ. ಬರೆದವನು ಯೆರ್ಟ್ ಗ್ರೆಗೋರಿಯಸ್ಸನ್ ಹೋವ್ಲಾಂಡ್. ಪಶ್ಚಿಮ ನಾರ್ವೆಯ ಹಾರ್ಡಂಗರ್ ಸೀಮೆಯ ರೈತ. ನಾಲ್ಕು ವರ್ಷದ ಹಿಂದೆ ಸಂಸಾರ ಸಮೇತ ಕಡಲು ದಾಟಿ, ನ್ಯೂಯಾರ್ಕ್ ರಾಜ್ಯದಲ್ಲಿ ಒಂಟಾರಿಯೊ ಸರೋವರದ ಬಳಿಯ ಕೆಂಡಾಲ್ ಎಂಬಲ್ಲಿ ಕಾಡು ಕಡಿದು ಹೊಲ ಮಾಡಿಕೊಂಡಿದ್ದ. ಕಾಗದ ಹೋದದ್ದು ನಾರ್ವೆಯಲ್ಲಿದ್ದ ತೊರ್ಯುಲ್ಸ್ ಮೇಲಾಂಡ್ ಎಂಬ ಪರಿಚಯದವನಿಗೆ.

ಆ ಓಟ್ಸ್ ಮಾತನ್ನು ಹಾರ್ಡಂಗರ್‌ನ ಕಿವಿಯಿಂದ ಕೇಳಬೇಕು. ಕಡಿದಾದ ಬೆಟ್ಟ, ಬೆಟ್ಟದ ಬುಡಕ್ಕೇ ನುಗ್ಗಿದ ಸಮುದ್ರ, ಎರಡರ ನಡುವೆ ಬೆರಳಗಲದ ನೆಲ. ಅಲ್ಲಿ ಬೆಳೆಯುತ್ತಿದ್ದದ್ದು ಓಟ್ಸ್, ಕೊಂಚ ಬಾರ್ಲಿ. ಅದರ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಬೇಯಿಸಿ, ನಮ್ಮ ಉತ್ತರ ಕರ್ನಾಟಕದ ಖಡಕ್ ರೊಟ್ಟಿಯ ಹಾಗೆ ಅಟ್ಟಿ ಒಟ್ಟಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಅದೂ ಸಾಲದ ವರ್ಷಗಳಿದ್ದವು. 1807ರಿಂದ 1814ರವರೆಗಿನ ಯುದ್ಧದಲ್ಲಿ ಇಂಗ್ಲಿಷರ ನೌಕಾಪಡೆ ಧಾನ್ಯದ ಹಡಗುಗಳನ್ನು ತಡೆದಾಗ, 1812ರಲ್ಲಿ ಬೆಳೆ ಕೈಕೊಟ್ಟಾಗ, ಮರದ ಒಳತೊಗಟೆಯನ್ನು ಒಣಗಿಸಿ ಕುಟ್ಟಿ ಹಿಟ್ಟಿಗೆ ಬೆರೆಸಿ ತಿಂದವರು ಅವರು. ಆ ರೊಟ್ಟಿಯ ರುಚಿ ಬಲ್ಲ ನಾಲಗೆಗಳು 1835ರಲ್ಲಿ ಇನ್ನೂ ಬದುಕಿದ್ದವು. ಅಂಥ ಮನೆಯಲ್ಲಿ ಯಾರೋ ದೀಪದ ಬೆಳಕಿಗೆ ಹಾಳೆ ಹಿಡಿದು, ನಾವು ತಿನ್ನುವುದನ್ನು ಅಲ್ಲಿ ಕುದುರೆ ತಿನ್ನುತ್ತದೆ ಎಂದು ಓದುತ್ತಾರೆ. ಕೇಳಿಸಿಕೊಂಡವರು ಎಷ್ಟು ಹೊತ್ತು ಸುಮ್ಮನಿದ್ದಿರಬಹುದು ಎಂದು ನಾನು ಮತ್ತೆ ಮತ್ತೆ ಊಹಿಸಿಕೊಂಡಿದ್ದೇನೆ.

ವಲಸೆಯ ಚರಿತ್ರೆಯನ್ನು ಹಡಗುಗಳಿಂದ ಆರಂಭಿಸುವುದು ವಾಡಿಕೆ. ನಾರ್ವೆಯ ವಿಷಯದಲ್ಲೂ ಹಾಗೆಯೇ. 1825ರ ಜುಲೈ ಆರಂಭದಲ್ಲಿ ಸ್ಟಾವಾಂಗರ್ ಬಂದರಿನಿಂದ ‘ರೆಸ್ಟೊರೇಷನ್’ ಎಂಬ ಪುಟ್ಟ ಹಾಯಿಹಡಗು 52 ಜನರನ್ನು ಹೊತ್ತು ಹೊರಟಿತು. ಅವರಲ್ಲಿ ಕ್ವೇಕರ್ ಪಂಥದವರು, ಧರ್ಮಬೋಧಕ ಹಾನ್ಸ್ ನೀಲ್ಸನ್ ಹೌಗೆಯ ಅನುಯಾಯಿಗಳು, ಬರೀ ಬಡತನಕ್ಕೆ ಬೇಸತ್ತವರು, ಎಲ್ಲರೂ ಇದ್ದರು. ದಾರಿಯಲ್ಲಿ ಒಂದು ಮಗು ಹುಟ್ಟಿ, ಅಕ್ಟೋಬರ್ 9ರಂದು ನ್ಯೂಯಾರ್ಕ್ ಮುಟ್ಟಿದಾಗ 53 ಮಂದಿಯಾಗಿದ್ದರು. ಇಷ್ಟು ಸಣ್ಣ ಹಡಗಿನಲ್ಲಿ ಇಷ್ಟು ಜನ ಬಂದದ್ದು ಅಮೆರಿಕದ ಕಾನೂನಿಗೆ ವಿರುದ್ಧವೆಂದು ಹಡಗನ್ನೇ ಹಿಡಿದಿಟ್ಟರು; ಕೊನೆಗೆ ಅಧ್ಯಕ್ಷ ಜಾನ್ ಕ್ವಿನ್ಸಿ ಆ್ಯಡಮ್ಸ್ ಕ್ಷಮೆ ಕೊಟ್ಟ. ಮುಂಚೆಯೇ ಹೋಗಿ ದಾರಿ ನೋಡಿ ಬಂದಿದ್ದ ಕ್ಲೆಂಗ್ ಪೇರ್ಸನ್ ಎಂಬ ಅಲೆಮಾರಿ ಅವರಿಗೆ ಕೆಂಡಾಲ್‌ನಲ್ಲಿ ನೆಲ ಗೊತ್ತುಮಾಡಿದ್ದ. ಕಥೆ ಚೆನ್ನಾಗಿದೆ. ಆದರೆ ಅದರ ನಂತರ ಹತ್ತು ವರ್ಷ ನಾರ್ವೆಯಿಂದ ಹೊರಟವರು ಬಿಡಿಬಿಡಿಯಾಗಿ ಒಬ್ಬಿಬ್ಬರು, ಅಷ್ಟೆ. ಹಡಗು ದಾರಿ ತೋರಿಸಿತು, ಜನರನ್ನು ಹೊರಡಿಸಲಿಲ್ಲ. ಹೊರಡಿಸಿದ್ದು ಕಾಗದ.

ಹಾಗೆ ಬಿಡಿಯಾಗಿ ಹೋದವರಲ್ಲಿ ಹೋವ್ಲಾಂಡ್ ಒಬ್ಬ. ತನ್ನ ಪ್ರಯಾಣವನ್ನು ಅವನು ತಾರೀಕು ಹಾಕಿ ಹೇಳುತ್ತಾನೆ. 1831ರ ಜೂನ್ 24ಕ್ಕೆ ಮನೆ ಬಿಟ್ಟದ್ದು. ನಾರ್ವೆಯಿಂದ ಅಮೆರಿಕಕ್ಕೆ ನೇರ ಹಡಗು ಸಿಗುವುದು ಕಷ್ಟವಾಗಿದ್ದ ಕಾಲ ಅದು. ಸ್ವೀಡನ್ನಿನ ಕಬ್ಬಿಣ ಹೇರಿಕೊಂಡು ಹೋಗುವ ಹಡಗುಗಳು ಗೋಥೆನ್‌ಬರ್ಗ್‌ನಿಂದ ಹೊರಡುತ್ತಿದ್ದವು. ಅಲ್ಲಿಗೆ ಹೋಗಿ ಕಾದು ಜುಲೈ 30ಕ್ಕೆ ಹಡಗು ಹತ್ತಿದ್ದು. ಸೆಪ್ಟೆಂಬರ್ 18ಕ್ಕೆ ಅಮೆರಿಕದ ನೆಲ, ಅಕ್ಟೋಬರ್ 4ಕ್ಕೆ ಕೆಂಡಾಲ್. ಮುಟ್ಟಿದ ಮರುದಿನವೇ ಅಮೆರಿಕನ್ನನೊಬ್ಬನ ಬಳಿ ಕೂಲಿಗೆ ಸೇರಿದ. ಡಿಸೆಂಬರ್‌ನಲ್ಲಿ 50 ಎಕರೆ ಕೊಂಡ. ಮನೆ ಕಟ್ಟಿ 1832ರ ಮಾರ್ಚ್‌ನಲ್ಲಿ ಒಕ್ಕಲಾದ. ಆ ಶರತ್ಕಾಲದಲ್ಲಿ ಸುಮಾರು ಒಂದು ಪೀಪಾಯಿ ಗೋಧಿ ಬಿತ್ತಿದ. ಮರುವರ್ಷದ ವಸಂತದಲ್ಲಿ ಕೊಂಚ ಮೆಕ್ಕೆಜೋಳ, ಆಲೂಗಡ್ಡೆ. 1833ರ ಸುಗ್ಗಿಗೆ ಬಂದದ್ದು 15 ಪೀಪಾಯಿ ಗೋಧಿ, 6 ಪೀಪಾಯಿ ಮೆಕ್ಕೆಜೋಳ, 14 ಪೀಪಾಯಿ ಆಲೂಗಡ್ಡೆ. ಮೊದಲ ವರ್ಷದ ಏಪ್ರಿಲ್‌ನಲ್ಲಿ 18 ಡಾಲರಿಗೆ ಕೊಂಡ ಹಸು, ಊರಿನ ಹಾಲಿನ ಅಳತೆಯಲ್ಲಿ ದಿನಕ್ಕೆ ಆರು ಅಳತೆ ಕೊಡುತ್ತಿತ್ತು, ಕೆಲವು ದಿನ ಇನ್ನೂ ಹೆಚ್ಚು.

ಇದನ್ನು ಓದುವಾಗ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಅವನು ಅಳೆಯುವುದು ಊರಿನ ಅಳತೆಯಲ್ಲಿ. ಪೀಪಾಯಿ ಎಂದರೆ ಹಾರ್ಡಂಗರ್‌ನವರು ದಿನಾ ಬಳಸುವ ಧಾನ್ಯದ ಅಳತೆ. ಬೆಣ್ಣೆಯ ಬೆಲೆ ಹೇಳಬೇಕಾದಾಗ ಅವರ ಚಿಲ್ಲರೆ ನಾಣ್ಯವಾದ ಸ್ಕಿಲ್ಲಿಂಗ್. ಒಂದು ಪೀಪಾಯಿ ಗೋಧಿಗೆ ಮೂರರಿಂದ ನಾಲ್ಕು ಡಾಲರ್, ಮೆಕ್ಕೆಜೋಳಕ್ಕೆ ಒಂದೂವರೆಯಿಂದ ಎರಡು, ಆಲೂಗಡ್ಡೆಗೆ ಅರ್ಧ ಡಾಲರ್. ದಿನಾ ಉಡುವ ಬಟ್ಟೆ ಎಂಥದು ಎಂಬುದನ್ನೂ ಬಿಟ್ಟಿಲ್ಲ. ಇಡೀ ಕಾಗದದಲ್ಲಿ ನಯಾಗರ ಜಲಪಾತವಿಲ್ಲ, ನ್ಯೂಯಾರ್ಕ್ ಪಟ್ಟಣದ ಬೀದಿಗಳಿಲ್ಲ. ರೈತನೊಬ್ಬ ಬೇಲಿಯಾಚೆಯ ರೈತನನ್ನು ಕೇಳುವುದೇನು? ಎಷ್ಟು ಬಿತ್ತಿದೆ, ಎಷ್ಟು ಬಂತು, ಹಸು ಎಷ್ಟು ಕರೆಯುತ್ತದೆ. ಆ ಪ್ರಶ್ನೆಗಳು ಅವನಿಗೆ ಗೊತ್ತಿದ್ದವು, ಏಕೆಂದರೆ ಮೊನ್ನೆ ಮೊನ್ನೆಯವರೆಗೆ ಅವನೇ ಕೇಳುತ್ತಿದ್ದ ಪ್ರಶ್ನೆಗಳು ಅವು. ಪ್ರಶ್ನೆ ಬರುವ ಮೊದಲೇ ಉತ್ತರ ಬರೆದಿಟ್ಟಿದ್ದಾನೆ.

ಕೆಲವು ಸಂಗತಿಗಳನ್ನು ಅವನು ಬೇರೆ ಬಗೆಯ ಕಾಳಜಿಯಿಂದ ಬರೆದಿದ್ದಾನೆ. ಗಂಡ ಸತ್ತು ಹೆಂಡತಿ ಮಕ್ಕಳು ನಿರ್ಗತಿಕರಾದರೆ, ಊರಿನವರು ಆರಿಸಿದ ಅಧಿಕಾರಿಗಳ ಬಳಿ ಅವರು ಹೇಳಿಕೊಳ್ಳಬಹುದು, ವರ್ಷವರ್ಷವೂ ಅಗತ್ಯವಿದ್ದಷ್ಟು ಬಟ್ಟೆ, ಅನ್ನ ಸಿಗುತ್ತದೆ. ಇಲ್ಲೇ ಹುಟ್ಟಿದವರು, ಹೊರಗಿನಿಂದ ಬಂದವರು ಎಂಬ ಭೇದವಿಲ್ಲ ಎನ್ನುತ್ತಾನೆ. ಆ ಕಾಲದ ನಾರ್ವೆಯ ಹಳ್ಳಿಗಳಲ್ಲಿ ದಿಕ್ಕಿಲ್ಲದವರನ್ನು ಸರದಿಯಂತೆ ಮನೆಯಿಂದ ಮನೆಗೆ ಕಳಿಸಿ, ಒಂದೊಂದು ಮನೆ ಇಂತಿಷ್ಟು ದಿನ ಸಾಕುವ ಪದ್ಧತಿ ಇತ್ತು. ಇಂದು ಈ ಮನೆಯ ಮೂಲೆ, ನಾಳೆ ಆ ಮನೆಯ ಮೂಲೆ. ಹೋವ್ಲಾಂಡ್ ಆ ಪದ್ಧತಿಯ ಹೆಸರೆತ್ತುವುದಿಲ್ಲ. ಎತ್ತುವ ಅಗತ್ಯವಿರಲಿಲ್ಲ, ಓದುವವರ ಕಣ್ಣೆದುರಿಗೇ ಅದು ಓಡಾಡುತ್ತಿತ್ತು.

ಹೋಗಬೇಕೆನ್ನುವ ಒತ್ತಡ ಎಲ್ಲಿಂದ ಬಂತು ಎನ್ನುವುದನ್ನೂ ಒಂದಿಷ್ಟು ಹೇಳಬೇಕು. ನಾರ್ವೆಯಲ್ಲಿ ಉಳುವುದಕ್ಕೆ ಬರುವ ನೆಲ ನೂರರಲ್ಲಿ ಮೂರು ನಾಲ್ಕು ಪಾಲು ಮಾತ್ರ. ಯುದ್ಧ ಮುಗಿದ ಮೇಲೆ ಜನಸಂಖ್ಯೆ ಭರದಿಂದ ಬೆಳೆಯಿತು. ಪಕ್ಕದ ಸ್ವೀಡನ್ನಿನ ಕವಿ, ಬಿಷಪ್ ಎಸಾಯಸ್ ತೆಗ್ನೇರ್ ತನ್ನ ನಾಡಿನ ಇಂಥದೇ ಬೆಳವಣಿಗೆಗೆ ಶಾಂತಿ, ಸಿಡುಬಿನ ಚುಚ್ಚುಮದ್ದು, ಆಲೂಗಡ್ಡೆ ಎಂಬ ಮೂರು ಕಾರಣ ಕೊಟ್ಟಿದ್ದ. ನಾರ್ವೆಗೂ ಅದು ಸಲ್ಲುತ್ತದೆ. ಹಿರಿಮಗನಿಗೆ ಹೊಲ, ಉಳಿದವರಿಗೆ ಹೊಲದಂಚಿನ ಗುಡಿಸಲು. ಆ ಗುಡಿಸಲುವಾಸಿಗಳನ್ನು ಹುಸ್‌ಮನ್ ಎನ್ನುತ್ತಿದ್ದರು. ಒಡೆಯನ ನೆಲದ ತುಣುಕಿನಲ್ಲಿ ಮನೆ ಕಟ್ಟಿಕೊಂಡು, ಅದಕ್ಕೆ ಪ್ರತಿಯಾಗಿ ಅವನು ಕರೆದಾಗ ಕೆಲಸಕ್ಕೆ ಹೋಗುವವರು. ಒಡೆಯನ ಹುಲ್ಲು ಕೊಯ್ದು ಒಣಗಿಸಿದ ಮೇಲೆ ತನ್ನ ಹುಲ್ಲು, ಅಷ್ಟು ಹೊತ್ತಿಗೆ ಮಳೆ ಹಿಡಿಯದಿದ್ದರೆ. ಇಂಥವರ ಸಂಖ್ಯೆ ದಶಕದಿಂದ ದಶಕಕ್ಕೆ ಏರುತ್ತಿತ್ತು.

ಇನ್ನು ಅಂಚೆ. ಇದನ್ನು ಬಿಟ್ಟರೆ ಈ ಕಾಗದಗಳ ತೂಕ ತಿಳಿಯುವುದಿಲ್ಲ. ಅಮೆರಿಕದಲ್ಲಿ 1845ರವರೆಗೆ ಅಂಚೆದರ ನಿಗದಿಯಾಗುತ್ತಿದ್ದದ್ದು ಹಾಳೆಗಳ ಲೆಕ್ಕ ಮತ್ತು ದೂರದ ಮೇಲೆ. ನಾನ್ನೂರು ಮೈಲಿ ದಾಟಿದರೆ ಒಂದು ಹಾಳೆಗೆ 25 ಸೆಂಟ್. ಲಕೋಟೆ ಹಾಕಿದರೆ ಅದೂ ಒಂದು ಹಾಳೆ. ಹಾಗಾಗಿ ಬರೆದ ಹಾಳೆಯನ್ನೇ ಮಡಚಿ, ಅರಗು ಒತ್ತಿ, ಹೊರಮೈ ಮೇಲೆ ವಿಳಾಸ ಬರೆಯುತ್ತಿದ್ದರು. ಅಂಚು, ಮೂಲೆ ಯಾವುದೂ ಖಾಲಿ ಬಿಡುತ್ತಿರಲಿಲ್ಲ. ಜಾಗ ಮುಗಿದರೆ ಹಾಳೆ ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಅಡ್ಡಡ್ಡ ಬರೆಯುವವರೂ ಇದ್ದರು. ಸರ್ಕಾರಿ ನೆಲದ ಬೆಲೆ ಆಗ ಎಕರೆಗೆ 1 ಡಾಲರ್ 25 ಸೆಂಟ್. ಅಂದರೆ ಪಶ್ಚಿಮದ ಇಲಿನಾಯ್ ರಾಜ್ಯದಿಂದ ನ್ಯೂಯಾರ್ಕ್ ಬಂದರಿನವರೆಗೆ ಐದು ಕಾಗದ ಸಾಗಿಸುವ ದರದಲ್ಲಿ ಒಂದು ಎಕರೆ ಬರುತ್ತಿತ್ತು. ಅಲ್ಲಿಂದ ಹಡಗಿನ ಖರ್ಚು ಬೇರೆ, ಆಚೆ ದಡದ ಅಂಚೆ ಬೇರೆ. ದರವನ್ನು ಮುಂಗಡ ಕಟ್ಟುವುದು ಕಡ್ಡಾಯವಿರಲಿಲ್ಲವಾದ್ದರಿಂದ ಎಷ್ಟೋ ಬಾರಿ ಹೊರೆ ಬೀಳುತ್ತಿದ್ದದ್ದು ಕಾಗದ ಪಡೆಯುವ ಬಡವನ ಮೇಲೆ. ಆದ್ದರಿಂದಲೇ ಊರಿಗೆ ಹೊರಟವರು ಯಾರಾದರೂ ಸಿಕ್ಕರೆ ಅವರ ಕೈಗೆ ಕೊಡುವುದು. ‘ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬಷ್ಟಕ್ಕೇ ಇಷ್ಟೊಂದು ದುಡ್ಡು ಯಾರೂ ಸುರಿಯರು. ಒಮ್ಮೆ ಬರೆದರೆ ಎಲ್ಲವನ್ನೂ ಬರೆಯಬೇಕು, ಎಲ್ಲರಿಗೂ ಆಗುವಂತೆ ಬರೆಯಬೇಕು.

ಹೆಸರು ಒಬ್ಬನದಿದ್ದರೂ ಕಾಗದ ಊರಿನದಾಗುತ್ತಿತ್ತು. ಮನೆಯಲ್ಲಿ ಓದಿ, ಬಂಧುಗಳಿಗೆ ಓದಿ, ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತ ಜನರಿಗೆ ಓದುತ್ತಿದ್ದರು. ಓದು ಅಲ್ಲಿ ಅಪರೂಪವಾಗಿರಲಿಲ್ಲ. 1739ರ ಶಾಲಾ ಕಾಯಿದೆಯ ನಂತರ ಊರಿಂದೂರಿಗೆ ಸುತ್ತುವ ಮೇಷ್ಟರುಗಳು ಬಂದಿದ್ದರು. ಧರ್ಮದ ಪಾಠ ಓದಿ ಒಪ್ಪಿಸದೆ ಚರ್ಚಿನ ದೀಕ್ಷೆ ಸಿಗುತ್ತಿರಲಿಲ್ಲ, ದೀಕ್ಷೆ ಇಲ್ಲದೆ ಮದುವೆ ಇಲ್ಲ. ಬರೆಯಬಲ್ಲವರು ಮಾತ್ರ ಕಡಿಮೆ. ಅವರ ಕೈಗೆ ಬಿಡುವಿಲ್ಲದಂತಾಯಿತು. ಹೋವ್ಲಾಂಡನ ಕಾಗದಗಳು ನೂರಾರು ಪ್ರತಿಗಳಾಗಿ ಕಣಿವೆಯಿಂದ ಕಣಿವೆಗೆ ಹೋದವು ಎನ್ನುತ್ತಾರೆ ಚರಿತ್ರಕಾರರು.

ಇಲ್ಲಿ ನನಗೆ ಮುಖ್ಯವೆನಿಸುವ ಒಂದು ಹಿನ್ನೆಲೆ ಇದೆ. ಕಾಗದವನ್ನು ನಕಲು ಮಾಡಿ ಹಂಚುವುದು ಆ ಜನಕ್ಕೆ ಹೊಸತಲ್ಲ. ಮೇಲೆ ಹೇಳಿದ ಹೌಗೆ ಒಬ್ಬ ರೈತನ ಮಗ. ಪಾದ್ರಿಯಲ್ಲದಿದ್ದರೂ ಧರ್ಮ ಬೋಧಿಸುತ್ತ ನಡೆದೇ ನಾಡು ಸುತ್ತಿದ. ಅದು ಕಾನೂನಿಗೆ ವಿರುದ್ಧವೆಂದು 1804ರಲ್ಲಿ ಬಂಧಿಸಿ ಹೆಚ್ಚುಕಡಿಮೆ ಹತ್ತು ವರ್ಷ ಕಾಡಿದರು. ಅವನೂ ಅವನ ಗೆಳೆಯರೂ ಪರಸ್ಪರ ಧೈರ್ಯ ತುಂಬಿಕೊಂಡದ್ದು ಕಾಗದಗಳಿಂದ. ಒಬ್ಬನಿಗೆ ಬಂದದ್ದನ್ನು ನಕಲು ಮಾಡಿ ಮತ್ತೊಬ್ಬನಿಗೆ ಕಳಿಸುವುದು, ಕೂಡಿ ಕೂತು ಓದುವುದು. ಮೇಲಿನವರ ಅಪ್ಪಣೆಯಿಲ್ಲದೆ ತಮ್ಮ ತಮ್ಮಲ್ಲೇ ಮಾತು ಹಂಚಿಕೊಳ್ಳುವ ಈ ರೂಢಿ ಒಂದು ತಲೆಮಾರಿನ ಹಿಂದೆಯೇ ಬೇರೂರಿತ್ತು. ಅಮೆರಿಕದ ಕಾಗದಗಳು ಆ ಹಳೆಯ ಕಾಲುದಾರಿಗಳಲ್ಲೇ ನಡೆದವು ಎಂದು ನನ್ನ ಎಣಿಕೆ.

ಅದೇ 1835ರಲ್ಲಿ ಕ್ನೂಟ್ ಸ್ಲೋಗ್‌ವಿಗ್ ಎಂಬವನು ಅಮೆರಿಕದಿಂದ ಊರಿಗೆ ಮರಳಿದ. 1825ರ ಹಡಗಿನಲ್ಲಿ ಹೋಗಿದ್ದವನೇ. ಅವನನ್ನು ನೋಡಲು, ಮಾತು ಕೇಳಲು ಜನ ಬಹುದೂರದಿಂದ ಬಂದರು. ಕಾಗದ ಹೇಳಿದ್ದಕ್ಕೆ ಈಗ ಸಾಕ್ಷಿಯೂ ಎದುರು ನಿಂತಿತು. 1836ರಲ್ಲಿ ಸ್ಟಾವಾಂಗರ್‌ನಿಂದ ‘ನೋರ್ಡೆನ್’, ‘ನೋರ್ಸ್ಕೆ ಕ್ಲಿಪ್ಪೆ’ ಎಂಬ ಎರಡು ಹಡಗುಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಹೊರಟರು. 1837ರಲ್ಲಿ ಬರ್ಗೆನ್‌ನಿಂದ ‘ಏಗಿರ್’ ಹೊರಟಿತು. ಅದೇ ವರ್ಷ ನೂಮೆಡಾಲ್ ಕಣಿವೆಯ ಊಲೆ ಮತ್ತು ಆನ್‌ಸ್ಟೆನ್ ನಾಟ್ಟೆಸ್ಟಾಡ್ ಎಂಬ ಅಣ್ಣತಮ್ಮಂದಿರು ಗಂಟು ಬೆನ್ನಿಗೆ ಕಟ್ಟಿ, ಕಾಲಿಗೆ ಸ್ಕೀ ಹಲಗೆ ಕಟ್ಟಿ, ಹಿಮ ಮುಚ್ಚಿದ ಬೆಟ್ಟಗಳನ್ನು ಜಾರುತ್ತ ದಾಟಿ ಪಶ್ಚಿಮದ ಕರಾವಳಿ ಸೇರಿದರು. ಅಮೆರಿಕಕ್ಕೆ ಹೋಗುವ ದಾರಿ ಅವರಿಗೆ ಮನೆಯ ಬಾಗಿಲಿನಿಂದಲೇ ಹಾಗೆ ಶುರುವಾಯಿತು.

ಬರ್ಗೆನ್‌ನ ಬಿಷಪ್ ಯಾಕೋಬ್ ನೊಯ್ಮನ್ ಎಚ್ಚೆತ್ತದ್ದು ಆಗ. 1837ರಲ್ಲಿ ಆತ ತನ್ನ ಸೀಮೆಯ ರೈತರಿಗೆ ಎಚ್ಚರಿಕೆಯ ಪತ್ರವೊಂದನ್ನು ಅಚ್ಚು ಹಾಕಿಸಿದ. ಸ್ವಂತ ನಾಡಿನಲ್ಲೇ ಇದ್ದು ನಿಯತ್ತಿನಿಂದ ಬಾಳು ಎಂಬ ಅರ್ಥ ಬರುವ ಕೀರ್ತನೆಯ ವಾಕ್ಯ ಆತನ ಆಧಾರ. ನೊಯ್ಮನ್ ಕೆಟ್ಟ ಮನುಷ್ಯನಲ್ಲ. ಸಮುದ್ರದ ಅಪಾಯ, ಭಾಷೆ ತಿಳಿಯದ ನಾಡು, ಪಾದ್ರಿಯಿಲ್ಲದ ಸಾವು, ಇವುಗಳ ಬಗ್ಗೆ ಆತನಿಗಿದ್ದ ಆತಂಕ ಪ್ರಾಮಾಣಿಕವೇ, ಮುಂದೆ ಅದರಲ್ಲಿ ಎಷ್ಟೋ ನಿಜವೂ ಆಯಿತು. ಆದರೂ ರೈತರು ಕೇಳಲಿಲ್ಲ. ಆತನ ಮಾತಿಗೆ ಉತ್ತರ ಎರಡು ವರ್ಷ ಮೊದಲೇ ಅವರ ಕೈಯಲ್ಲಿತ್ತು. ಒಳ್ಳೆಯ ನೆಲಕ್ಕೆ ಹೋಗುವವರು ಏನೋ ಪಾಪ ಮಾಡಿದಂತೆ ಮಾತಾಡುವವರಿದ್ದಾರೆ, ಮರ್ಯಾದೆಯಿಂದ ಅನ್ನ ಹುಡುಕಿಕೊಳ್ಳುವುದನ್ನು ಸೃಷ್ಟಿಕರ್ತ ಎಲ್ಲಿ ನಿಷೇಧಿಸಿದ್ದಾನೋ ನನಗಂತೂ ಕಾಣಲಿಲ್ಲ ಎಂದು ಹೋವ್ಲಾಂಡ್ ಬರೆದಿದ್ದ. ಗಟ್ಟಿ ರೊಟ್ಟಿಯ ಹೊರತು ಬೇರೇನೂ ಇಲ್ಲದಿದ್ದರೂ ಹುಟ್ಟಿದ ನಾಡೇ ಮೇಲೆನ್ನುವವರನ್ನು ಅವನು ಸಿಟ್ಟಿನಿಂದಲೇ ಬೈಯುತ್ತಾನೆ. ಬಿಷಪ್ಪನಿಗೆ ವೇದವಾಕ್ಯ ಗೊತ್ತಿತ್ತು, ಹಾರ್ಡಂಗರ್‌ನ ಹಸುವಿನ ಹಾಲಿನ ಅಳತೆ ಗೊತ್ತಿರಲಿಲ್ಲ. ಹೋವ್ಲಾಂಡನನ್ನು ಅವರು ಬಲ್ಲರು: ಸುಳ್ಳು ಹೇಳುವವನೋ ಅಲ್ಲವೋ, ಸಾಲ ತೀರಿಸುವವನೋ ಅಲ್ಲವೋ, ಹಸುವಿನ ಹಾಲನ್ನು ಹೆಚ್ಚಿಸಿ ಹೇಳುವ ಜಾತಿಯೋ ಅಲ್ಲವೋ ಎಂಬುದು ಇಡೀ ಊರಿಗೆ ಗೊತ್ತು. ಅಚ್ಚಾದ ಪತ್ರಕ್ಕೆ ಇಲ್ಲದ ಬಲ ಅದು.

ಅದೇ ಬಲ ಭಾರವೂ ಆಯಿತು. ‘ಏಗಿರ್’ನಲ್ಲಿ ಹೊರಟ 84 ಜನರಲ್ಲಿ ಊಲೆ ರಿನ್ನಿಂಗ್ ಎಂಬ ಪಾದ್ರಿಯ ಮಗನಿದ್ದ; ಓದಿದವನು, ರೈತರ ಮೇಲೆ ಪ್ರೀತಿಯಿದ್ದವನು. ಗುಂಪು ಷಿಕಾಗೊದಿಂದ ದಕ್ಷಿಣಕ್ಕೆ ಬೀವರ್ ಕ್ರೀಕ್ ಎಂಬಲ್ಲಿ ನೆಲೆಯೂರಿತು. ಆ ಜಾಗ ನೋಡಿದ್ದು ಬೇಸಿಗೆ ಕಳೆದು ನೆಲ ಒಣಗಿದ್ದ ಕಾಲದಲ್ಲಿ. ವಸಂತ ಬಂದಾಗ ಹೊಲವೆಲ್ಲ ಕೆರೆ. ಹಿಂದೆಯೇ ಮಲೇರಿಯ. ಮನೆಮನೆಯಲ್ಲಿ ಹೆಣ. ಒಂದೆರಡು ವರ್ಷಗಳಲ್ಲಿ ಉಳಿದವರು ಎದ್ದು ಇಲಿನಾಯ್‌ನ ಫಾಕ್ಸ್ ನದಿಯ ಕಡೆಗೆ ಹೋದರು, ಆ ಊರೇ ಅಳಿಸಿಹೋಯಿತು. 1837-38ರ ಚಳಿಗಾಲದಲ್ಲಿ ಹಿಮಕ್ಕೆ ಕಾಲು ಮರಗಟ್ಟಿ ಹಾಸಿಗೆ ಹಿಡಿದಿದ್ದ ರಿನ್ನಿಂಗ್ ಮಲಗಿದಲ್ಲೇ ಒಂದು ಪುಸ್ತಕ ಬರೆದ. ಅಮೆರಿಕದ ಬಗ್ಗೆ ನಿಜವಾದ ವರದಿ ಎಂಬ ಅರ್ಥದ ಹೆಸರು ಅದಕ್ಕೆ. ಊರಿನವರು ಕೇಳಬಹುದಾದ 13 ಪ್ರಶ್ನೆಗಳು, ಅವಕ್ಕೆ ಉತ್ತರಗಳು. ನೆಲ ಹೇಗಿದೆ, ಕೂಲಿ ಎಷ್ಟು, ಯಾರು ಬರಬೇಕು, ಯಾರು ಬರಬಾರದು, ಯಾವ ಹತ್ಯಾರು ತರಬೇಕು, ಯಾವ ತಿಂಗಳು ಹೊರಡಬೇಕು. ವಲಸೆ ಹೊರಟವರನ್ನು ತುರ್ಕಿಗೆ ಒಯ್ದು ಗುಲಾಮರಾಗಿ ಮಾರುತ್ತಾರೆಂಬ ಗಾಳಿಮಾತಿಗೂ ಅಲ್ಲಿ ಉತ್ತರವಿದೆ. ದಕ್ಷಿಣದ ರಾಜ್ಯಗಳ ಗುಲಾಮಗಿರಿಯನ್ನು ಅವನು ಮುಚ್ಚಿಡಲಿಲ್ಲ. ಸ್ವಾತಂತ್ರ್ಯದ ನಾಡಿಗೆ ಇದು ಕಳಂಕವೆಂದ, ಇದರಿಂದ ಉತ್ತರ ದಕ್ಷಿಣ ಬೇರೆಯಾಗುತ್ತವೆ, ಇಲ್ಲವೇ ಒಳಗೊಳಗೇ ರಕ್ತ ಹರಿಯುತ್ತದೆ ಎಂದ. ಅಂತರ್ಯುದ್ಧಕ್ಕೆ ಆಗ ಇನ್ನೂ 23 ವರ್ಷ ಬಾಕಿ.

ಹಸ್ತಪ್ರತಿಯನ್ನು ಊರಿಗೆ ಹೊತ್ತೊಯ್ದವನು ಸ್ಕೀ ಮೇಲೆ ಬೆಟ್ಟ ದಾಟಿದ್ದ ಆ ಆನ್‌ಸ್ಟೆನ್. 1838ರಲ್ಲಿ ಕ್ರಿಸ್ಟಿಯಾನಿಯಾ, ಅಂದರೆ ಇಂದಿನ ಓಸ್ಲೊದಲ್ಲಿ ಅದು ಅಚ್ಚಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಿನ್ನಿಂಗ್ ಬೀವರ್ ಕ್ರೀಕ್‌ನಲ್ಲಿ ಸತ್ತ. ಇನ್ನೂ ಮೂವತ್ತು ತುಂಬಿರಲಿಲ್ಲ. ಜನ ಅವನ ಪುಸ್ತಕ ಓದಿ ಗಂಟು ಕಟ್ಟತೊಡಗಿದ್ದು ಅವನು ಮಣ್ಣಾದ ಮೇಲೆ.

ಕೋಪಗೊಂಡವರೂ ಬರೆದರು. ಹಾರ್ಡಂಗರ್‌ ಕಡೆಯಿಂದಲೇ ಹೋಗಿದ್ದ ಸ್ಯೂರ್ ಹಾಎಯಿಮ್ ಎಂಬವನು ಅಲ್ಲಿ ಕಂಡ ಕಷ್ಟಗಳನ್ನು ಬಿಷಪ್ ನೊಯ್ಮನ್‌ಗೆ ಬರೆದು ತಿಳಿಸಿದ, ತಿರುಗಿ ಬಂದ ಮೇಲೆ 1842ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಅಮೆರಿಕದ ಕಾಗದಗಳನ್ನು ನಂಬಿ ಕೆಟ್ಟೆವು ಎಂಬುದು ಅದರ ಒಡಲ ಮಾತು. ಅವನನ್ನು ಹೇಡಿಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಾಗದ ಬರೆದವನು ಗೆದ್ದವನು. ಸತ್ತವರು ಬರೆಯುವುದಿಲ್ಲ, ಸೋತವರಲ್ಲಿ ಎಷ್ಟೋ ಜನ ನಾಚಿಕೆಯಿಂದ ಬರೆಯುವುದಿಲ್ಲ. ಊರಿನವರ ಕೈಗೆ ತಲುಪಿದ ಚಿತ್ರ ಹಾಗಾಗಿ ಬರೆದವನಿಗೆ ಗೊತ್ತಿಲ್ಲದೆಯೇ ಒಂದು ಕಡೆ ವಾಲಿರುತ್ತಿತ್ತು. ಹೋವ್ಲಾಂಡ್ ಸುಳ್ಳು ಹೇಳಲಿಲ್ಲ. ಅವನ ಗೋಧಿ ನಿಜವಾಗಿ ಬೆಳೆದಿತ್ತು. ಆದರೆ ದುಡಿಯುವ ಮನಸ್ಸಿದ್ದವರಿಗೆಲ್ಲ ಇಲ್ಲಿ ಜಾಗವಿದೆ ಎಂದು ಅವನು ಬರೆದಾಗ ಬೀವರ್ ಕ್ರೀಕ್‌ನ ಕೆಸರು ಅವನ ಕಣ್ಣ ಮುಂದಿರಲಿಲ್ಲ.

ಆಚೆಯವರಿಗೆ ಈ ಕಳವಳ ತಟ್ಟಿತ್ತು ಎನ್ನುವುದಕ್ಕೆ ಒಂದು ದಾಖಲೆ ಇದೆ. ವಿಸ್ಕಾನ್ಸಿನ್‌ನ ಮಸ್ಕೀಗೋ ಎಂಬ ನಾರ್ವೇಜಿಯನ್ನರ ಬೀಡು 1843ರಲ್ಲಿ ರೋಗಕ್ಕೆ ತುತ್ತಾಗಿ ತತ್ತರಿಸಿತು. ಆ ಸುದ್ದಿ ನಾರ್ವೆಯ ಪತ್ರಿಕೆಗಳಲ್ಲಿ ಬೆಳೆಯುತ್ತ ಹೋದಾಗ, 1845ರ ಜನವರಿ 6ರಂದು ಅಲ್ಲಿನ 80 ಮಂದಿ ಸಹಿ ಹಾಕಿ ಇಡೀ ನಾಡಿಗೆ ಒಂದು ಬಹಿರಂಗ ಪತ್ರ ಬರೆದರು. ಏಪ್ರಿಲ್ 1ರ ‘ಮೊರ್ಗೆನ್‌ಬ್ಲಾಡೆಟ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಸಿರಿವಂತರಾಗುತ್ತೇವೆಂಬ ಭ್ರಮೆ ನಮಗಿಲ್ಲ, ಕಷ್ಟ ಪಟ್ಟಿದ್ದೇವೆ, ಆದರೂ ಬಂದದ್ದಕ್ಕೆ ಮರುಗುವುದಿಲ್ಲ ಎಂಬುದು ಸಾರಾಂಶ. ಹತ್ತು ವರ್ಷದ ಹಿಂದೆ ಒಬ್ಬ ರೈತ ಒಬ್ಬ ಪರಿಚಯದವನಿಗೆ ಬರೆಯುತ್ತಿದ್ದ ಕಾಗದ ಈಗ 80 ಕೈಗಳದ್ದಾಗಿತ್ತು. ಹೋವ್ಲಾಂಡನ ಕಾಗದದ ಹುರುಪು ಇಲ್ಲಿಲ್ಲ. ಹೆಣ ಹೂತವರ ದನಿ ಇದು. ಬೀಡಿನ ಮಣ್ಣಿನಲ್ಲಿ ತಮ್ಮವರನ್ನು ಇಟ್ಟ ಮೇಲೂ ಊರಿನವರ ಮುಂದೆ ತಮ್ಮ ಮಾತು ಸುಳ್ಳಾಗಬಾರದೆಂಬ ಹಠವೂ ಅದರಲ್ಲಿದೆ.

ಹೋವ್ಲಾಂಡನತ್ತ ತಿರುಗೋಣ. ಅವನು ಆ ಏಪ್ರಿಲ್‌ನಲ್ಲಿ ಬರೆಯುತ್ತಿದ್ದಾಗಲೇ ಕೆಂಡಾಲ್‌ನ ಹೊಲ ಮಾರಿ ಆಗಿತ್ತು. ಹಿಂದಿನ ಬೇಸಿಗೆಯಲ್ಲಿ ಆರು ಸಂಸಾರಗಳು ಇಲಿನಾಯ್ ಕಡೆಗೆ ಹೋಗಿದ್ದವು. ಅವನೂ ಇನ್ನೊಂದು ಮನೆಯವರೂ ಮೇ ತಿಂಗಳಿಗೆ ಹೊರಡುವವರಿದ್ದರು. ಕೆಂಡಾಲ್‌ನಲ್ಲಿ ಒಂದೊಂದು ಎಕರೆಗೂ ದಟ್ಟ ಕಾಡು ಕಡಿಯಬೇಕಿತ್ತು, ಫಾಕ್ಸ್ ನದಿಯ ಬಯಲಿನಲ್ಲಿ ಹುಲ್ಲು ಆಳೆತ್ತರ, ಮರ ಬೇಕಾದಷ್ಟೇ. ಆ ಬಯಲು ಬರಿದಾಗಿ ಬಿದ್ದಿದ್ದ ನೆಲವಲ್ಲ. 1832ರಲ್ಲಿ ಅಲ್ಲಿನ ಮೂಲನಿವಾಸಿಗಳೊಂದಿಗೆ ಬ್ಲ್ಯಾಕ್ ಹಾಕ್ ಯುದ್ಧ ಆ ಸೀಮೆಯಲ್ಲೇ ನಡೆದಿತ್ತು. 1833ರ ಸೆಪ್ಟೆಂಬರ್‌ನ ಷಿಕಾಗೊ ಒಪ್ಪಂದದಲ್ಲಿ ಪೊಟವಾಟಮಿ ಮತ್ತವರ ಬಳಗದ ಜನ ಸುಮಾರು 50 ಲಕ್ಷ ಎಕರೆ ಬಿಟ್ಟುಕೊಟ್ಟು ಮಿಸಿಸಿಪ್ಪಿಯಾಚೆಗೆ ಹೋಗಬೇಕಾಯಿತು. ಮರುವರ್ಷವೇ ನಾರ್ವೇಜಿಯನ್ನರ ಬಂಡಿಗಳು ಇಲಿನಾಯ್‌ಗೆ ಬಂದವು. ರಿನ್ನಿಂಗ್‌ನ ಪುಸ್ತಕದಲ್ಲಿ ಈ ಜನ ಕಾಣಿಸಿಕೊಳ್ಳುವುದು ಅಪಾಯಗಳ ಪ್ರಶ್ನೆಯಡಿ, ರೋಗ ಮತ್ತು ಕಾಡುಪ್ರಾಣಿಗಳ ಜತೆಗೆ: ಅವರನ್ನು ದೂರದ ಪಶ್ಚಿಮಕ್ಕೆ ಸಾಗಿಸಿಯಾಗಿದೆ, ಕೆಣಕದಿದ್ದರೆ ತುಂಬ ಒಳ್ಳೆಯ ಸ್ವಭಾವದವರು ಎನ್ನುತ್ತಾನೆ. ತುಂಡು ನೆಲವಿಲ್ಲದೆ ಊರು ಬಿಟ್ಟವರು, ಊರನ್ನೇ ಬಿಡಿಸಿಕೊಂಡವರ ನೆಲದಲ್ಲಿ ಬಿತ್ತಿದರು. ಆ ಕಾಗದಗಳನ್ನು ಎಷ್ಟು ಪ್ರೀತಿಯಿಂದ ಓದಿದರೂ ಈ ನೋವು ನನ್ನನ್ನು ಬಿಡುವುದಿಲ್ಲ.

ಕಾಗದಗಳು ಮುಂದೆಯೂ ಹೋಗುತ್ತಲೇ ಇದ್ದವು. 1825ರಿಂದ ನೂರು ವರ್ಷದಲ್ಲಿ ನಾರ್ವೆ ಬಿಟ್ಟು ಅಮೆರಿಕಕ್ಕೆ ಹೋದವರು ಎಂಟು ಲಕ್ಷಕ್ಕೂ ಹೆಚ್ಚು. ಜನಸಂಖ್ಯೆಯ ಲೆಕ್ಕದಲ್ಲಿ ಯುರೋಪಿನಲ್ಲಿ ಐರ್ಲೆಂಡ್ ಬಿಟ್ಟರೆ ಇಷ್ಟು ಪಾಲು ಜನರನ್ನು ಕಳಿಸಿಕೊಟ್ಟ ನಾಡು ಇನ್ನೊಂದಿಲ್ಲ. ಚರಿತ್ರಕಾರ ಥಿಯೊಡೋರ್ ಬ್ಲೇಗನ್ ಅಂಥ ಕಾಗದಗಳನ್ನು ಹುಡುಕಿ, ಇಂಗ್ಲಿಷಿಗೆ ತರಿಸಿ, 1955ರಲ್ಲಿ ಒಂದು ಸಂಪುಟ ಮಾಡಿದ. ಹೋವ್ಲಾಂಡನ ಕಾಗದ ಇಂದು ನಮಗೆ ಓದಲು ಸಿಗುವುದು ಇಂಥವರ ದುಡಿಮೆಯಿಂದ.

ಉಳಿದಿರುವುದು ಮಾತುಕತೆಯ ಒಂದೇ ಬದಿ. ಹಳೆಯ ಊರಿನಲ್ಲಿ ಮನೆ, ಪೆಟ್ಟಿಗೆ, ಅಟ್ಟ ಇದ್ದವು. ಬಂದ ಕಾಗದಗಳನ್ನು ಬೈಬಲ್ಲಿನ ಜತೆ ಜೋಪಾನ ಮಾಡಿಟ್ಟರು. ಅಲ್ಲಿಂದ ಹೋದ ಉತ್ತರಗಳು ಮರದ ದಿಮ್ಮಿಯ ಗುಡಿಸಲುಗಳಲ್ಲಿ, ಮತ್ತೆ ಮತ್ತೆ ಪಶ್ಚಿಮಕ್ಕೆ ಹೊರಡುವ ಬಂಡಿಗಳಲ್ಲಿ ಕಳೆದುಹೋದವು. ಉಳಿದದ್ದು ತೀರ ಕಡಿಮೆ. ಹಾಗಾಗಿ ಮನೆಯ ಹಸು ಕರು ಹಾಕಿತೇ, ಹಳೆಯ ಹೊಲವನ್ನು ಯಾರು ಉಳುತ್ತಿದ್ದಾರೆ, ನೆರೆಯ ಮುದುಕ ಇನ್ನೂ ಇದ್ದಾನೆಯೇ ಎಂಬಂಥ ಮಾತುಗಳು ಎಷ್ಟು ಕಡಲು ದಾಟಿದವೋ ಅಷ್ಟೂ ಹೆಚ್ಚುಕಡಿಮೆ ಮುಳುಗಿದಂತೆಯೇ.

ಹೋವ್ಲಾಂಡ್ ಇಲಿನಾಯ್‌ನಲ್ಲೇ ಬಾಳಿ 1870ರಲ್ಲಿ ತೀರಿಕೊಂಡ. ಅವನ 1835ರ ಕಾಗದದಲ್ಲಿ ಬೆಲೆ, ಬೆಳೆ, ಕಾನೂನುಗಳ ನಡುವೆ ಒಂದು ಸಣ್ಣ ಮಾತು ಬರುತ್ತದೆ. ನಾರ್ವೆಯಲ್ಲಿ ತೀರ ಹೆಚ್ಚು ಕಾಲ ಕಳೆದುಬಿಟ್ಟೆವು, ಮತ್ತೆ ಅಲ್ಲಿ ಬಾಳುವ ಆಸೆಯಿಲ್ಲ; ಆದರೆ ಅಲ್ಲಿರುವ ಎಷ್ಟೋ ಜನರ ಜತೆ ಒಂದಿಷ್ಟು ಹೊತ್ತು ಮಾತಾಡಬೇಕೆನಿಸುತ್ತದೆ ಎನ್ನುತ್ತಾನೆ. ಆ ಆಸೆಗೆ ಅವನು ಯಾವ ಬೆಲೆಯನ್ನೂ ಕಟ್ಟಿಲ್ಲ, ಯಾವ ಅಳತೆಯನ್ನೂ ಹಾಕಿಲ್ಲ.